ಹದಿನಾಲ್ಕು ಮ್ಯಾಟುಗಳ ಕೆಳಗೆ

ನಿವೃತ್ತಿಯಾದ ಮಾರನೆಯ ದಿನ ಡ್ರಿಲ್ ಟೀಚರ್ ಎಂದಿನಂತೆ ಐದು ಗಂಟೆಗೆ ಎದ್ದರು, ಬಿಳಿ ಕ್ಯಾನ್‌ವಾಸ್ ಶೂ ಹಾಕಿಕೊಂಡರು, ಲೇಸು ಬಿಗಿದರು, ಗೇಟಿನವರೆಗೆ ಹೋದರು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ತಿಳಿಯದೆ ವಾಪಸು ಬಂದು ಸೋಫಾದ ಮೇಲೆ ಕೂತರು. ಹೀಗೆ ನಾಲ್ಕು ತಿಂಗಳು ನಡೆಯಿತು. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯ ಮೈದಾನದಲ್ಲಿ ಸಾವಿರಾರು ಮಕ್ಕಳ ಬೆವರಿಳಿಸಿದ ಹೆಂಗಸು ಈಗ ಕಾಂಪೌಂಡಿನ ಮೇಲೆ ಕೂತ ಕಾಗೆಗಳಿಗೆ ಸೀಟಿ ಊದುತ್ತಿದ್ದರು. ಕಾಗೆಗಳೂ ಎರಡು ದಿನ ಹೆದರಿದವು, ಮೂರನೆಯ ದಿನ ಕ್ಯಾರೇ ಅನ್ನಲಿಲ್ಲ.

ಅವರ ಗಂಡನಿಗೆ ಊರವರು ಇಟ್ಟ ಹೆಸರು ಲೀಕೇಜ್ ಸಾಹೇಬರು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೋರಿಕೆ ಹುಡುಕುವುದೇ ಅವರ ಕೆಲಸವಾಗಿತ್ತು. ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದರು. ಅದು ಸಾಲದೆಂಬಂತೆ, ನೀರನ್ನು ಬೆರಳಿಗೆ ತಾಗಿಸಿ ನಾಲಿಗೆಯ ತುದಿಗೆ ಹಚ್ಚಿಕೊಂಡು ಅದು ನಲ್ಲಿಯದೋ, ಕೊಳವೆಬಾವಿಯದೋ, ಚರಂಡಿ ಸೇರಿದ್ದೋ ಎಂದೂ ಹೇಳಿಬಿಡುತ್ತಿದ್ದರು. ಈ ವಿದ್ಯೆಯನ್ನು ಕಣ್ಣಾರೆ ಕಂಡವರು ಅವರ ಪಕ್ಕ ಊಟಕ್ಕೆ ಕೂರಲು ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದರು.

ಕಾಗೆಗಳ ಪಾಡು ನೋಡಲಾರದೆ ಸಾಹೇಬರೇ ಒಂದು ದಿನ ಬಾಯಿಬಿಟ್ಟರು.

"ಗ್ಯಾರೇಜು ಖಾಲಿ ಬಿದ್ದಿದೆ ಕಣೆ. ಸ್ಕೂಟರ್ ಮಾರಿದ ಮೇಲೆ ಅಲ್ಲಿ ಹಲ್ಲಿ ಬಿಟ್ರೆ ಇನ್ಯಾರೂ ಇಲ್ಲ. ಅಕ್ಕಪಕ್ಕದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡು. ಆ ಕಾಗೆಗಳಿಗೂ ಒಂದಿಷ್ಟು ನೆಮ್ಮದಿ ಸಿಗ್ಲಿ."

ಟೀಚರಿಗೆ ಅಷ್ಟು ಸಾಕಾಯಿತು. ಮುಚ್ಚಿಹೋಗುತ್ತಿದ್ದ ಒಂದು ಜಿಮ್ಮಿನಿಂದ ಹದಿನಾಲ್ಕು ರಬ್ಬರ್ ಮ್ಯಾಟು ತರಿಸಿದರು. ಕಪ್ಪನೆಯವು, ಅರ್ಧ ಇಂಚು ದಪ್ಪ, ಒಂದೊಂದೂ ನಾಲ್ಕಡಿಗೆ ಮೂರಡಿ. ಗ್ಯಾರೇಜಿನ ನೆಲ ಹದಿನಾಲ್ಕಡಿಗೆ ಹನ್ನೆರಡು. ಗೋಡೆಯಿಂದ ಗೋಡೆಗೆ ಲೆಕ್ಕ ಹಾಕಿದಂತೆ ಕೂತವು. ಮ್ಯಾಟಿಗೂ ಮ್ಯಾಟಿಗೂ ನಡುವೆ ಸೂಜಿ ತೂರಿಸಲು ಜಾಗ ಬಿಡದೆ, ಮಂಡಿಯೂರಿ, ಅಂಚಿಗೆ ಅಂಚು ಕೂಡಿಸಿ, ಸಂದಿಯ ಮೇಲೆ ಅಗಲವಾದ ಟೇಪು ಅಂಟಿಸಿದರು. ಶಾಲೆಯಲ್ಲಿ ಮಕ್ಕಳ ಸಾಲು ಇಷ್ಟು ನೇರ ಎಂದೂ ನಿಂತಿರಲಿಲ್ಲ. ರಬ್ಬರಿಗೆ ಕಾಲು ಎಳೆಯುವ, ತುರಿಸಿಕೊಳ್ಳುವ ಚಾಳಿ ಇಲ್ಲವಲ್ಲ.

ಹನ್ನೊಂದು ಮಂದಿ ಹೆಂಗಸರು ಸೇರಿದರು. ಅವರಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು, ಉಳಿದ ಒಂಬತ್ತು ಮಂದಿ ಆ ಇಬ್ಬರು ಹೇಳಿದಂತೆ ಕೇಳುವವರು. ಒಬ್ಬಳು ಟೈಲರಮ್ಮ, ಮೂಲೆ ಅಂಗಡಿಯಲ್ಲಿ ರವಿಕೆ ಹೊಲಿಯುವವಳು. ಯಾರ ಅಳತೆಯನ್ನೂ ಮುಚ್ಚಿಡದೆ ಅವರ ಮುಖದ ಮೇಲೆಯೇ ಹೇಳುವ ಜಾತಿ. ಇನ್ನೊಬ್ಬರು ಎದುರುಮನೆ ಅಜ್ಜಿ. ಎಪ್ಪತ್ತಾರು ವಯಸ್ಸು. ವ್ಯಾಯಾಮಕ್ಕೆಂದು ಬಂದು ಕುರ್ಚಿಯಲ್ಲಿ ಕೂತು ಬೇರೆಯವರ ವ್ಯಾಯಾಮದ ತಪ್ಪು ಹುಡುಕುವುದು ಅವರ ವ್ಯಾಯಾಮ.

ಬೆಳಿಗ್ಗೆ ಆರಕ್ಕೆ ಕ್ಲಾಸು. ಟೀಚರಿಗೆ ಮತ್ತೆ ಹುರುಪು ಬಂತು. ಕೂಗಿ ಕೂಗಿ ಗಂಟಲು ಕಟ್ಟಬಾರದೆಂದು ಶುಂಠಿ ಜಜ್ಜಿ ಕಾಯಿಸಿದ ನೀರಿಗೆ ಚೂರು ಜೇನುತುಪ್ಪ ಬೆರೆಸಿ ಫ್ಲಾಸ್ಕಿಗೆ ತುಂಬಿಕೊಳ್ಳುವ ಹಳೆಯ ಅಭ್ಯಾಸವೂ ಮರಳಿತು. ಏಳಕ್ಕೆ ಕ್ಲಾಸು ಮುಗಿದ ಮೇಲೆ ಎರಡು ಬಕೆಟ್ ಸೋಪಿನ ನೀರು ಸುರಿದು ಮ್ಯಾಟುಗಳನ್ನು ಗಸಗಸ ಉಜ್ಜಿ ತೊಳೆಯುತ್ತಿದ್ದರು. ದಿನಾ, ತಪ್ಪದೆ. ಹನ್ನೊಂದು ಜನರ ಕಾಲು ಬಿದ್ದ ಜಾಗ, ಬಿಡಲಾಗುತ್ತದೆಯೇ?

ಮೂರನೆಯ ತಿಂಗಳಿಗೆ ವಾಸನೆ ಶುರುವಾಯಿತು.

ಮೊದಲು ಒದ್ದೆ ಗೋಣಿಚೀಲದ ಹಾಗೆ, ಆಮೇಲೆ ಹೇಳಬಾರದ ಹಾಗೆ. ಟೀಚರ್ ಎರಡು ಬಕೆಟ್ಟನ್ನು ಮೂರು ಮಾಡಿದರು. ವಾಸನೆ ಜಾಸ್ತಿಯಾಯಿತು. ನಾಲ್ಕು ಮಾಡಿದರು. ಇನ್ನೂ ಜಾಸ್ತಿಯಾಯಿತು. ಆಗ ಅವರಿಗೆ ಇದು ಖಂಡಿತ ಯಾರದೋ ಕಾಲಿನ ಕೆಲಸವೇ ಎಂದು ಮನವರಿಕೆಯಾಯಿತು. ಒಂದು ಬೆಳಿಗ್ಗೆ ಹನ್ನೊಂದು ಮಂದಿಯನ್ನೂ ಸಾಲಾಗಿ ನಿಲ್ಲಿಸಿ, ಕಾಲುಚೀಲ ಬಿಚ್ಚಿಸಿ, ತಪಾಸಣೆ ಮಾಡಿದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರೊಬ್ಬರು ಒಂಟಿಕಾಲಿನಲ್ಲಿ ನಿಂತು ಪಾದ ತೋರಿಸುವಾಗ ಬಿದ್ದೇಬಿಡುತ್ತಿದ್ದರು. ಅಜ್ಜಿ ಮಂಡಿಗೆ ಹಚ್ಚಿಕೊಳ್ಳುವ ಮುಲಾಮಿನ ಮೇಲೂ ಅನುಮಾನ ಬಿತ್ತು. "ನಲವತ್ತು ವರ್ಷದಿಂದ ಇದೇ ಮುಲಾಮು ಹಚ್ತಿದೀನಿ. ನಮ್ಮೆಜಮಾನರೇ ಮೂಗು ಮುಚ್ಕೊಂಡಿಲ್ಲ, ನಿನ್ನದೇನು?" ಎಂದು ಅಜ್ಜಿ ಗಂಟುಮುಖ ಹಾಕಿದರು.

ಆ ಶುಕ್ರವಾರ ಟೈಲರಮ್ಮನ ತಾಳ್ಮೆ ಕೈಕೊಟ್ಟಿತು. ಟೀಚರ್ ಬೇಡಬೇಡ ಅನ್ನುತ್ತಿದ್ದಂತೆಯೇ ಮೂಲೆಯ ಟೇಪು ಕಿತ್ತು, ಒಂದು ಮ್ಯಾಟಿನ ಅಂಚು ಎತ್ತಿದಳು. ಕೆಳಗೆ ನೆಲ ಕಪ್ಪಗೆ, ಲೋಳೆಲೋಳೆಯಾಗಿ ಮಿನುಗುತ್ತಿತ್ತು. ಅಲ್ಲಲ್ಲಿ ಬಿಳಿ ಬೂಷ್ಟು. ಮುಂದಿನ ಸಾಲಿನಲ್ಲಿದ್ದವರು ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ಕ್ಲಾಸು ಶುರುವಾದಂದಿನಿಂದ ಅವರು ಒಂದೇ ತಾಳದಲ್ಲಿ ಮಾಡಿದ ಮೊದಲ ಚಲನೆ ಅದು.

"ನಮ್ಮ ಕಾಲು ಮೂಸಿ ನೋಡಿದ್ರಲ್ಲ ಟೀಚರ್, ಈಗ ಇದನ್ನ ಮೂಸಿ ನೋಡಿ" ಎಂದಳು ಟೈಲರಮ್ಮ. "ನೋಡಿ, ಮುಚ್ಚುಮರೆ ಯಾಕೆ. ಬಸ್‌ಸ್ಟ್ಯಾಂಡ್ ಹತ್ರ ಹೊಸ ಜಿಮ್ ಆಗಿದೆ. ಹನ್ನೊಂದು ಜನ ಒಟ್ಟಿಗೆ ಬಂದ್ರೆ ಬೇರೆ ಬ್ಯಾಚೇ ಮಾಡಿಕೊಡ್ತೀವಿ ಅಂದಿದಾರೆ. ಸೋಮವಾರದೊಳಗೆ ಇದಕ್ಕೊಂದು ದಾರಿ ಮಾಡಿ, ಅಲ್ಲೀವರೆಗೆ ಕ್ಲಾಸು ಬೇಡ. ಇಲ್ದಿದ್ರೆ ಮಂಗಳವಾರದಿಂದ ನಾವು ಅಲ್ಲಿಗೆ."

ಉಳಿದವರು ಕಾಲುಚೀಲ ಹಾಕಿಕೊಂಡರು. "ಮ್ಯಾಟು ಎತ್ತೋಕೆ ಕೈ ಹಾಕ್ಲಾ?" ಎಂದು ಹೊರಡುವ ಮುಂಚೆ ಯಾರೋ ಕೇಳಿದರು. "ಬೇಡ. ನನ್ನ ಕ್ಲಾಸು, ನಾನು ನೋಡ್ಕೋತೀನಿ" ಎಂದರು ಟೀಚರ್. ಎಲ್ಲರೂ ಹೋದರು. ಮಂಗಳವಾರ ಬೆಳಿಗ್ಗೆ ಶೂ ಹಾಕಿಕೊಂಡು ಗೇಟಿನವರೆಗೆ ಹೋಗಿ ವಾಪಸು ಬಂದು ಕೂರುವುದು ಕಣ್ಣಿಗೆ ಕಟ್ಟಿತು. ಅವರಿಗೆ ನಿಜವಾಗಿ ಭಯವಾಯಿತು.

ಗಂಡಹೆಂಡತಿ ಸೇರಿ ಮ್ಯಾಟುಗಳನ್ನು ಎತ್ತಿದರು. ಒಂದೊಂದೂ ಹದಿನೈದು ಕಿಲೋ. ಹದಿನಾಲ್ಕನೆಯದನ್ನು ಗೋಡೆಗೆ ಒರಗಿಸುವಷ್ಟರಲ್ಲಿ ಸಾಹೇಬರ ಸೊಂಟ ಹಿಡಿದುಕೊಂಡಿತು. ಬಗ್ಗಿದವರು ಪೂರ್ತಿ ನೆಟ್ಟಗಾಗದೆಯೇ ನೆಲ ನೋಡಿದರು.

"ಇದು ನಿನ್ನ ಬಕೆಟ್ಟಿನ ನೀರು ಕಣೆ. ಸಂದಿಯಿಂದ ಕೆಳಗಿಳಿದಿದೆ. ಮೇಲೆ ರಬ್ಬರು ಮುಚ್ಚಳ ಹಾಕಿದ ಹಾಗೆ ಕೂತಿದೆ, ಆರೋದು ಹೆಂಗೆ?"

"ಸಂದಿ ಎಲ್ಲಿದೆ ತೋರಿಸ್ರೀ. ಸೂಜಿ ಹೋಗಲ್ಲ ಅಲ್ಲಿ. ಇದು ನೀವು ಹಾಕಿಸಿದ ನೆಲದ್ದು. ಕೆಳಗಿಂದ ಜಿನುಗ್ತಿದೆ."

"ನನ್ನ ನೆಲವಾ?" ಸಾಹೇಬರು ಈಗ ನೆಟ್ಟಗಾದರು. "ಊರಿನ ಲೀಕೇಜು ಹಿಡಿದೋನು ನಾನು. ನನ್ನ ಮನೆ ನೆಲ ಜಿನುಗುತ್ತಾ?"

ಜೋರಾಗಿ ಹೇಳಿದರೇ ಹೊರತು ಒಳಗೊಳಗೇ ಅವರಿಗೆ ಪುಕುಪುಕು. ಇಪ್ಪತ್ತೆಂಟು ವರ್ಷದ ಹಿಂದೆ ಆ ನೆಲಕ್ಕೆ ಕಾಂಕ್ರೀಟು ಸುರಿಯುವಾಗ, ಕೆಳಗಿನ ತೇವ ಮೇಲೇರದಂತೆ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು ಎಂದು ಮೇಸ್ತ್ರಿ ಹೇಳಿದ್ದ. ಹಾಳೆಯೂ ಬಂದಿತ್ತು. "ಈ ನೆಲದಡಿ ನೀರು ಎಲ್ಲಿದೆ ಎಲ್ಲಿಲ್ಲ ಅಂತ ನನಗೇ ಹೇಳಿಕೊಡ್ತೀಯೇನಯ್ಯ?" ಎಂದು ಸಾಹೇಬರು ಅವನ ಬಾಯಿ ಮುಚ್ಚಿಸಿ, ಹಾಳೆಯನ್ನು ಹೊಸ ಸ್ಕೂಟರಿಗೆ ಹೊದಿಸಿದ್ದರು. ಸ್ಕೂಟರ್ ಒಂದು ದಿನವೂ ನೆನೆಯಲಿಲ್ಲ. ಈ ವಿಷಯ ಹೆಂಡತಿಗೆ ಇವತ್ತಿನವರೆಗೂ ಗೊತ್ತಿಲ್ಲ.

ಕೊನೆಗೆ ಸಾಹೇಬರೇ ಒಂದು ಪರೀಕ್ಷೆ ಹೇಳಿದರು. ನೆಲವನ್ನು ಒರೆಸಿ, ಗಾಳಿಗೆ ಆರಿಸಿ, ಎರಡಡಿ ಚೌಕದ ತೆಳು ಪ್ಲಾಸ್ಟಿಕ್ಕನ್ನು ನಾಲ್ಕೂ ಕಡೆ ಟೇಪಿನಿಂದ ಬಿಗಿಯಾಗಿ ಅಂಟಿಸುವುದು. ಒಂದು ದಿನ ಬಿಟ್ಟು ನೋಡಿದಾಗ ಪ್ಲಾಸ್ಟಿಕ್ಕಿನ ಕೆಳಗೆ ಹನಿ ಕೂತಿದ್ದರೆ ತೇವ ನೆಲದೊಳಗಿನದು. ಒಣಗಿದ್ದರೆ ತಪ್ಪು ಬಕೆಟ್ಟಿನದು.

"ಸೋತವರು ಸೋಮವಾರ ಅಷ್ಟೂ ಜನರ ಮುಂದೆ ‘ನನ್ನ ತಪ್ಪು’ ಅಂತ ಹೇಳ್ಬೇಕು" ಎಂದರು ಟೀಚರ್.

"ಆಗ್ಲಿ" ಎಂದರು ಸಾಹೇಬರು. ‘ನನ್ನ ತಪ್ಪು’ ಎಂಬ ಎರಡು ಪದವನ್ನು ಆ ಮನೆಯಲ್ಲಿ ಇಬ್ಬರೂ ಇದುವರೆಗೆ ಬಳಸಿರಲಿಲ್ಲ. ಮದುವೆಯಾಗಿ ಮೂವತ್ತಾರು ವರ್ಷವಾಗಿತ್ತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಪ್ಲಾಸ್ಟಿಕ್ ಅಂಟಿಸಿದ್ದಾಯಿತು. ಎರಡು ಗಂಟೆಗೆ ಸಾಹೇಬರ ಗೊರಕೆ ಶುರುವಾಯಿತು. ಎರಡೂ ಐದಕ್ಕೆ ಟೀಚರ್ ಕಳ್ಳಹೆಜ್ಜೆ ಇಟ್ಟು ಗ್ಯಾರೇಜಿಗೆ ಹೋದರು. ಓಟದ ಸ್ಪರ್ಧೆಯಲ್ಲಿ ಮೋಸ ಮಾಡಿದ ಮಕ್ಕಳನ್ನು ಕಿವಿ ಹಿಂಡಿ ಹೊರಗೆ ಹಾಕುತ್ತಿದ್ದ ಟೀಚರ್ ಇವರೇ, ಮರೆಯಬೇಡಿ. ಒಂದು ಮೂಲೆಯ ಟೇಪು ಬಿಡಿಸಿ, ಎರಡು ಚಮಚ ನೀರು ಚಿಮುಕಿಸಿ ಬರುವ ಯೋಚನೆ. ಆದರೆ ಯಾವ ಕೆಲಸವನ್ನೂ ಕಮ್ಮಿಯಾಗಿ ಮಾಡಿ ಅಭ್ಯಾಸವಿಲ್ಲದ ಕೈ. ಒಂದು ಲೋಟ ಪೂರ್ತಿ ಹೋಯಿತು.

ಸಂಜೆ ಅವರು ತರಕಾರಿಗೆ ಹೋದಾಗ ಸಾಹೇಬರು ಗ್ಯಾರೇಜಿಗೆ ಬಂದರು. ಬರೀ ನೋಡಿಹೋಗಲು ಬಂದವರು ಪ್ಲಾಸ್ಟಿಕ್ಕಿನೊಳಗೆ ನೀರು ಅಲ್ಲಾಡುವುದನ್ನು ಕಂಡು ಬೆವರಿಬಿಟ್ಟರು. ಹಾಳೆ ಹಾಸದ ಪಾಪ ಇಪ್ಪತ್ತೆಂಟು ವರ್ಷ ಸುಮ್ಮನಿದ್ದು ಇವತ್ತೇ ಎದ್ದು ಕೂತಿದೆ ಎಂದುಕೊಂಡರು. ಹೆಗಲ ಮೇಲಿನ ಟವೆಲಿನಿಂದ ಚೆನ್ನಾಗಿ ಒರೆಸಿ, ಬಾಯಿಂದ ಊದಿ ಒಣಗಿಸಿ, ಟೇಪನ್ನು ಮೊದಲಿನಂತೆ ಅಂಟಿಸಿದರು. ಆಮೇಲೆ ಯೋಚನೆ ಬಂತು. ಐದು ಗಂಟೆಯಲ್ಲಿ ಇಷ್ಟು ನೀರು ಬರೀ ತೇವದಿಂದ ಬರುವುದಿಲ್ಲ, ಕೆಳಗೆ ಪೈಪೇ ಒಡೆದಿರಬೇಕು. ಅಟ್ಟದಿಂದ ಹಳೆಯ ಸರಳು ಇಳಿಸಿ, ಹಿಡಿದ ಸೊಂಟದಲ್ಲೇ ಬಗ್ಗಿ, ನೆಲದ ಉದ್ದಗಲಕ್ಕೂ ಕಿವಿ ಇಟ್ಟು ಕೇಳಿದರು. ಏನೂ ಕೇಳಿಸಲಿಲ್ಲ. ಕಿವಿಯೂ ಮುದಿಯಾಯಿತು ಎಂದು ಬೇಜಾರಾಗಿ, ಯಾವುದಕ್ಕೂ ಇರಲಿ ಎಂದು ಮೀಟರಿನ ವಾಲ್ವ್, ತೊಟ್ಟಿಯ ವಾಲ್ವ್ ಎರಡನ್ನೂ ಮುಚ್ಚಿಬಿಟ್ಟರು.

ಏಳು ಗಂಟೆಗೆ ಟೀಚರ್ ಸುಮ್ಮನೆ ಹೋದವರಂತೆ ಹೋಗಿ ನೋಡಿದರೆ ಪ್ಲಾಸ್ಟಿಕ್ಕಿನ ಕೆಳಗೆ ಒಣಬಿಸಿಲು ಬಿದ್ದ ಹಾಗಿದೆ. ಒಂದು ಲೋಟ ನೀರು ಎಲ್ಲಿ ಹೋಯಿತು? ಇವರು ಹಾಕಿಸಿದ ನೆಲ ನೀರನ್ನು ಬಿಡುವುದಿರಲಿ, ಕುಡಿಯುತ್ತದೆ ಎಂದು ಅವರಿಗೆ ಸಿಟ್ಟೇ ಬಂತು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು, ಬುಸ್ಸೆಂದಿತು. ಬಚ್ಚಲಿನದೂ ಬುಸ್ಸೆಂದಿತು.

"ರೀ, ನೀರು ಬರ್ತಿಲ್ಲ."

"ಮೇನ್ ಲೈನಲ್ಲಿ ರಿಪೇರಿ ಇರ್ಬೇಕು" ಎಂದರು ಸಾಹೇಬರು, ಪೇಪರಿನಿಂದ ತಲೆ ಎತ್ತದೆ. ಪೇಪರು ತಲೆಕೆಳಗಾಗಿತ್ತು.

ಮನೆಯಲ್ಲಿ ಆಗ ಇದ್ದದ್ದು ಫ್ಲಾಸ್ಕಿನಲ್ಲಿ ಉಳಿದ ನೀರೊಂದೇ. ಟೀಚರ್ ಹಿಂದೆಮುಂದೆ ನೋಡದೆ ಅದನ್ನೇ ಒಯ್ದು ಸುರಿದು ಬಂದರು.

ಶನಿವಾರ ಬೆಳಿಗ್ಗೆ ಆರಕ್ಕೆ, ಹೆಂಡತಿ ಸ್ನಾನಕ್ಕೆ ನೀರಿಲ್ಲವೆಂದು ಎದುರುಮನೆಗೆ ಬಿಂದಿಗೆ ಹಿಡಿದು ಹೋದಾಗ, ಸಾಹೇಬರು ಮತ್ತೆ ಟೇಪು ಬಿಡಿಸಿದರು. ಎರಡೂ ವಾಲ್ವ್ ಮುಚ್ಚಿದ ಮೇಲೂ ನೀರು! ಹಾಗಾದರೆ ಪೈಪಿನದಲ್ಲ, ನೆಲದೊಳಗೆ ಒರತೆಯೇ ಇದೆ. ಮನೆಯನ್ನೇ ಒರತೆಯ ಮೇಲೆ ಕಟ್ಟಿಬಿಟ್ಟೆನಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತರು. ಕೂತಲ್ಲೇ ಅಭ್ಯಾಸಬಲದಿಂದ ಬೆರಳು ಅದ್ದಿ ನಾಲಿಗೆಗೆ ತಾಗಿಸಿದರು.

ಇನ್ನೊಮ್ಮೆ ತಾಗಿಸಿದರು. ಆಮೇಲೆ ಎದ್ದು, ನಿನ್ನೆ ನೆಲ ಒರೆಸಿದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಗೇಟಿನ ಬಳಿ ಹೆಂಡತಿಗಾಗಿ ಕಾದು ನಿಂತರು.

"ಮೂವತ್ತೊಂದು ವರ್ಷದ ಸರ್ವಿಸಲ್ಲಿ ತರಾವರಿ ನೀರು ನೋಡಿದೀನಿ ಕಣೆ. ಉಪ್ಪುನೀರು ನೋಡಿದೀನಿ, ಗಂಧಕದ ನೀರು ನೋಡಿದೀನಿ. ನೆಲದಿಂದ ಶುಂಠಿ ನೀರು ಬಂದಿದ್ದು ಇದೇ ಮೊದಲು. ಅದರಲ್ಲೂ ಜೇನುತುಪ್ಪ ಹಾಕಿದ್ದು."

ಟೀಚರ್ ಬಿಂದಿಗೆ ಕೆಳಗಿಟ್ಟರು. ಮುಖ ಹುಳ್ಳಗಾಯಿತು. ಆದರೆ ಕಳ್ಳಾಟ ಹಿಡಿಯುವುದರಲ್ಲಿ ಅವರೇನು ಕಡಿಮೆಯೇ? ಗಂಡನ ಹೆಗಲ ಮೇಲಿನ ಟವೆಲಿನ ತುಂಬ ಸಿಮೆಂಟಿನ ಬೂದು ಬಣ್ಣ.

"ನೀರು ಯಾವುದು ಅಂತ ರುಚಿ ನೋಡಿದ್ರಿ, ಸರಿ. ಒರೆಸಿದ್ದು ಯಾಕ್ರೀ?"

ಸಾಹೇಬರು ಟವೆಲನ್ನು ಹೆಗಲಿಂದ ಎಳೆದು ಬೆನ್ನ ಹಿಂದೆ ಹಿಡಿದುಕೊಂಡರು. ನಿನ್ನೆ ಒಣಗಿದ್ದು ಹೇಗೆಂದು ಟೀಚರಿಗೂ, ಒರತೆ ಹುಟ್ಟಿದ್ದು ಹೇಗೆಂದು ಸಾಹೇಬರಿಗೂ ಆ ಕ್ಷಣದಲ್ಲೇ ಹೊಳೆಯಿತು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ನಕ್ಕೂ ನಕ್ಕೂ ಸಾಹೇಬರ ಸೊಂಟ ಇನ್ನೊಂದು ಕಡೆಯೂ ಹಿಡಿಯಿತು. ನಗುವಿನ ಮಧ್ಯೆಯೇ ಅವರು ಪ್ಲಾಸ್ಟಿಕ್ ಹಾಳೆಯ, ಸ್ಕೂಟರಿನ ಕಥೆಯನ್ನೂ ಹೇಳಿಬಿಟ್ಟರು. ಆಗ ಮಾತ್ರ ಟೀಚರ್ ನಗು ನಿಲ್ಲಿಸಿ ಅರ್ಧ ಗಂಟೆ ಮಾತು ಬಿಟ್ಟರು.

ಉಳಿದಿದ್ದು ಎರಡು ದಿನ. ಕಳ್ಳರಿಬ್ಬರೂ ಸೇರಿ ನೆಲ ಒರೆಸಿ, ಮಧ್ಯಾಹ್ನದವರೆಗೆ ಆರಲು ಬಿಟ್ಟು, ಹೊಸ ಪ್ಲಾಸ್ಟಿಕ್ ಅಂಟಿಸಿ, ಗ್ಯಾರೇಜಿಗೆ ಬೀಗ ಹಾಕಿ, ಕೀಲಿಯನ್ನು ಎದುರುಮನೆ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿಗೆ ಇಂಥ ಅಧಿಕಾರ ಸಿಕ್ಕಿ ಬಹಳ ವರ್ಷವಾಗಿತ್ತು. ಭಾನುವಾರ ಇಡೀ ದಿನ ಕಿಟಕಿಯಲ್ಲಿ ಕೂತು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಸಾಹೇಬರು ಕಸ ಹಾಕಲು ಹೊರಗೆ ಬಂದರೂ ಕೆಮ್ಮಿದರು.

ಸೋಮವಾರ ಆರಕ್ಕೆ ಹನ್ನೊಂದು ಮಂದಿಯೂ ಗ್ಯಾರೇಜಿನ ಮುಂದೆ ನೆರೆದರು. ಅಜ್ಜಿ ಸೊಂಟದಿಂದ ಕೀಲಿ ತೆಗೆದು ಬೀಗ ತೆರೆದರು. ಟೈಲರಮ್ಮ ಬಗ್ಗಿ ಪ್ಲಾಸ್ಟಿಕ್ಕನ್ನು ನಿಧಾನವಾಗಿ ಸುಲಿದಳು. ಒಳಮೈಯಲ್ಲಿ ಸಣ್ಣಸಣ್ಣ ಹನಿ, ಮೂಗಿನ ಮೇಲಿನ ಬೆವರಿನ ಹಾಗೆ. ಕೆಳಗಿನ ನೆಲ ಸುತ್ತಲಿನದಕ್ಕಿಂತ ಒಂದು ಛಾಯೆ ಕಪ್ಪು.

"ನೆಲದ್ದೇ" ಎಂದರು ಸಾಹೇಬರು ಮೆತ್ತಗೆ. "ನನ್ನ ತಪ್ಪು."

ಟೀಚರ್ ಮುಖ ಅರಳಿತು, ಒಂದು ನಿಮಿಷ. ಅಷ್ಟರಲ್ಲಿ ಟೈಲರಮ್ಮ ಗೋಡೆಗೆ ಒರಗಿಸಿದ್ದ ಮ್ಯಾಟೊಂದರ ಬೆನ್ನು ನೋಡುತ್ತಿದ್ದಳು. ಅಂಚಿನುದ್ದಕ್ಕೂ ಬಿಳಿ ಪಟ್ಟೆ ಒಣಗಿ ನಿಂತಿತ್ತು. ಬೆರಳಿಗೆ ನೀರು ಮುಟ್ಟಿಸಿಕೊಂಡು ಅಲ್ಲಿ ಉಜ್ಜಿದಳು. ನೊರೆ ಬಂತು. ನೊರೆ ಬಂದ ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

"ಇದು ನೆಲದಿಂದ ಬಂತಾ ಟೀಚರ್?"

ಎಲ್ಲರೂ ಟೀಚರ್ ಕಡೆ ತಿರುಗಿದರು. "ಆ ಟೇಪು ಮಾರಿದೋನು..." ಎಂದು ಶುರುಮಾಡಿದ ಟೀಚರ್ ಅಲ್ಲಿಗೇ ನಿಲ್ಲಿಸಿದರು. ಸಂದಿಯಲ್ಲಿ ಇಳಿದ ಸೋಪಿನ ನೀರು, ನೆಲದಿಂದ ಏರಿದ ತೇವ, ಎರಡೂ ಸೇರಿ ಹೊರಗೆ ಹೋಗಲು ದಾರಿಯಿಲ್ಲದೆ ರಬ್ಬರಿನಡಿ ಕೊಳೆತಿವೆ. ವಾಸನೆ ಜಾಸ್ತಿಯಾದಷ್ಟೂ ಬಕೆಟ್ಟು ಜಾಸ್ತಿ ಮಾಡಿದ್ದು ತಾವು. ಹನ್ನೊಂದು ಜನರ ಕಾಲುಚೀಲ ಬಿಚ್ಚಿಸಿದ್ದೂ ತಾವು.

"ನನ್ನ ತಪ್ಪು" ಎಂದರು. ಮೆತ್ತಗೆ ಹೇಳಬೇಕೆಂದಿದ್ದರು, ಆದರೆ ಆ ಗಂಟಲಿಗೆ ಮೆತ್ತಗೆ ಬರುವುದಿಲ್ಲ. ಮೂರನೆಯ ಮನೆಯ ಕಿಟಕಿ ತೆರೆದುಕೊಂಡಿತು.

ಯಾರೂ ನಗಲಿಲ್ಲ. "ಸೋಮವಾರ ಬಂತಲ್ಲ ಟೀಚರ್. ವಾಸನೆ ಹೋಗಿಲ್ಲ" ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ, ಆದರೂ ಹೇಳಿದಳು.

ಸಾಹೇಬರು ದಾರಿ ಹೇಳಿದರು. ಬಕೆಟ್ ಮುಟ್ಟುವಂತಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹದಿನಾಲ್ಕು ಮ್ಯಾಟನ್ನೂ ಈಗ ಅಂಗಳಕ್ಕೆ ಒಯ್ದು, ಬೆನ್ನು ಒರೆಸಿ, ಬಿಸಿಲಿಗೆ ಹಾಕಬೇಕು. ನಾಳೆಯಿಂದ ಕ್ಲಾಸಿಗೆ ಮುಂಚೆ ಹಾಸುವುದು, ಮುಗಿದ ಮೇಲೆ ಎತ್ತಿ ಗೋಡೆಗೆ ನಿಲ್ಲಿಸುವುದು, ಬಾಗಿಲು ತೆರೆದಿಡುವುದು. ನೆಲ ಉಸಿರಾಡಿದರೆ ವಾರದಲ್ಲಿ ವಾಸನೆ ಹೋಗುತ್ತದೆ.

"ದಿನಾ ಹದಿನಾಲ್ಕು ಮ್ಯಾಟು ಎತ್ತೋರು ಯಾರು?" ಎಂದು ಕೇಳಿದರು ಅಜ್ಜಿ.

ಟೀಚರ್ ಗಂಡನ ಕಡೆ ನೋಡಿದರು. ಅವರು ಗೋಡೆ ಹಿಡಿದುಕೊಂಡು ನಿಂತಿದ್ದರು. ತಮ್ಮ ಕೈಗಳನ್ನೂ ನೋಡಿಕೊಂಡರು.

"ನನ್ನ ಕೈಲಿ ಆಗಲ್ಲ" ಎಂದರು. ಈ ಸಲ ದನಿ ತಾನಾಗಿಯೇ ತಗ್ಗಿತು. "ಶುಕ್ರವಾರ ಎತ್ತಿ ನೋಡಿದೆ, ಆಗಲ್ಲ. ನಿಮ್ಮನ್ನ ಬಿಟ್ರೆ ಕೇಳೋಕೆ ನನಗೆ ಯಾರೂ ಇಲ್ಲ. ನೀವು ಬರದೇ ಹೋದ್ರೆ ನಾಳೆ ಬೆಳಿಗ್ಗೆ ಎದ್ದು ಏನ್ಮಾಡ್ಬೇಕು ಅಂತಾನೂ ನನಗೆ ಗೊತ್ತಿಲ್ಲ."

ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಮ್ಯಾಟಿನ ಒಂದು ತುದಿ ಹಿಡಿದಳು. ಬ್ಯಾಂಕಿನವರು ಇನ್ನೊಂದು ಮ್ಯಾಟಿಗೆ ಕೈ ಹಾಕಿದರು. ಅಜ್ಜಿ ಕುರ್ಚಿ ಎಳೆಸಿಕೊಂಡು ಅಂಗಳದ ನಡುವೆ ಕೂತು, ಎಡಕ್ಕೆ, ಬಲಕ್ಕೆ ಎಂದು ಎಲ್ಲರ ಮೇಲೂ ದರ್ಬಾರು ನಡೆಸತೊಡಗಿದರು.

ಟೀಚರ್ ಬಾಗಿಲಲ್ಲಿ ನಿಂತು, ಬಾಯಿಗೆ ಬಂದ ಅಭ್ಯಾಸ, "ಒಂದು, ಎರಡು, ಬೆನ್ನು ನೇರ" ಎಂದರು.

"ಬೆನ್ನು ಆಮೇಲೆ ನೋಡ್ಕೊಳೋಣ ಟೀಚರ್" ಎಂದಳು ಟೈಲರಮ್ಮ, ತನ್ನ ಮ್ಯಾಟಿನ ಆಚೆ ತುದಿಯನ್ನು ಗದ್ದದಿಂದ ತೋರಿಸುತ್ತ. "ಆ ಕಡೆ ಹಿಡೀರಿ."

ಟೀಚರ್ ಹೋಗಿ ಆ ಕಡೆ ಹಿಡಿದರು.